ಮೊಟ್ಟೆಯ ಚಿಪ್ಪಿಗೂ ಒಂದು ಹದವಿದೆ

ತೋಟದ ಮಣ್ಣಿಗೆ ಸುಣ್ಣ ಬೇಕೆಂಬುದನ್ನು ನಮ್ಮ ಬೆಳೆಗಾರರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಘಟ್ಟದ ಮಳೆ ವರ್ಷ ವರ್ಷವೂ ಮಣ್ಣಿನಲ್ಲಿರುವ ಸುಣ್ಣದಂಶವನ್ನು ತೊಳೆದು ಹಳ್ಳಕ್ಕೆ ಸೇರಿಸುತ್ತದೆ, ಮಣ್ಣು ಹುಳಿಯಾಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಕಾಫಿ ಗಿಡಕ್ಕೂ ಅಡಿಕೆ ಮರಕ್ಕೂ ಸುಣ್ಣ ಹಾಕುತ್ತೇವೆ. ಆದರೆ ಅದೇ ಮನೆಯ ಅಂಗಳದಲ್ಲಿ ಓಡಾಡುವ ಹೇಂಟೆಗೆ, ಜಗಲಿಯ ಗೂಡಿನಲ್ಲಿ ಸಾಕಿದ ಹಕ್ಕಿಗೆ ಸುಣ್ಣದಂಶ ಎಲ್ಲಿಂದ ಬರಬೇಕು ಎಂದು ಯೋಚಿಸುವವರು ಕಡಿಮೆ.

ಅಡಿಗೆಮನೆಯಲ್ಲಿ ಒಡೆದ ಮೊಟ್ಟೆಯ ಚಿಪ್ಪು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತದೆ. ಒಂದು, ಗುಲಾಬಿ ಗಿಡದ ಬುಡಕ್ಕೆ ಅಥವಾ ತಿಪ್ಪೆಗೆ. ಇನ್ನೊಂದು, ಹಸಿಯಾಗಿಯೇ ಕೋಳಿಗಳ ಮುಂದಕ್ಕೆ. ಮೊದಲನೆಯದರಲ್ಲಿ ನಷ್ಟವೇನೂ ಇಲ್ಲ. ಎರಡನೆಯದರಲ್ಲಿ ಮಾತ್ರ ಕೋಳಿಗೂ ಮನೆಯವರಿಗೂ ಅಪಾಯವಿದೆ. ಚಿಪ್ಪು ಒಳ್ಳೆಯ ಆಹಾರವೇ ಹೌದು. ಆದರೆ ಕುದಿಸಿ, ಒಣಗಿಸಿ, ಕುಟ್ಟಿ, ಬೇಕಾದ ಹಕ್ಕಿಗೆ ಮಾತ್ರ ಬೇರೆ ಪಾತ್ರೆಯಲ್ಲಿ ಇಟ್ಟಾಗಲೇ ಅದು ಆಹಾರವಾಗುತ್ತದೆ. ಆ ಕ್ರಮವನ್ನು ವಿವರವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಎಡಕುಮೇರಿಯ ಕಡೆಯವರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಇಳಿಯುವ ಸುಮಾರು 55 ಕಿಲೋಮೀಟರ್ ಘಟ್ಟದ ರೈಲು ಹಾದಿಯಲ್ಲಿ 57 ಸುರಂಗಗಳಿವೆ. ಕಡಗರವಳ್ಳಿ ಮತ್ತು ಶಿರಿಬಾಗಿಲು ನಿಲ್ದಾಣಗಳ ನಡುವೆ, ಕಾಡಿನ ಮಧ್ಯದಲ್ಲಿ ಎಡಕುಮೇರಿ ಸಿಗುತ್ತದೆ. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ ಮತ್ತು ಎಡಕುಮೇರಿ ನಡುವೆ ಹಳಿಯ ಪಕ್ಕದ ಮಣ್ಣು ಕುಸಿದು ರೈಲು ಸಂಚಾರ ದಿನಗಟ್ಟಲೆ ನಿಂತುಹೋಯಿತು. ಅದೇ ಮಳೆಗಾಲದಲ್ಲಿ ಶಿರಾಡಿ ಘಾಟಿಯ ರಸ್ತೆಯಲ್ಲೂ ಕುಸಿತಗಳಾದವು. ಇಂಥ ಸೀಮೆಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಪೇಟೆಯ ಕೋಳಿ ಆಹಾರದ ಚೀಲವೊಂದನ್ನೇ ನಂಬಿ ಕೂರುವುದು ಕಷ್ಟ. ಮನೆಯಲ್ಲೇ ಸಿಗುವುದನ್ನು ಸರಿಯಾಗಿ ಬಳಸಿಕೊಳ್ಳುವುದು ಜಾಣತನ.

ಒಂದು ಮೊಟ್ಟೆಯ ಲೆಕ್ಕ

ಫಾರಂ ಕೋಳಿಯ ಒಂದು ಮೊಟ್ಟೆಯ ಚಿಪ್ಪು ಒಣಗಿದ ಮೇಲೆ ಸುಮಾರು 5ರಿಂದ 6 ಗ್ರಾಂ ತೂಗುತ್ತದೆ. ಅದರಲ್ಲಿ ನೂರಕ್ಕೆ ಸುಮಾರು 95 ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅಂದರೆ ಸುಣ್ಣಕಲ್ಲು ಯಾವ ವಸ್ತುವೋ ಇದೂ ಅದೇ ವಸ್ತು. ಶುದ್ಧ ಕ್ಯಾಲ್ಸಿಯಂ ಲೆಕ್ಕದಲ್ಲಿ ಹೇಳುವುದಾದರೆ ಒಂದು ಚಿಪ್ಪಿನಲ್ಲಿ 2 ಗ್ರಾಂ ಇರುತ್ತದೆ. ನಾಟಿ ಕೋಳಿಯ ಮೊಟ್ಟೆ ಚಿಕ್ಕದು, ಅದರಲ್ಲಿ ಇನ್ನೂ ಸ್ವಲ್ಪ ಕಡಿಮೆ.

ಈ 2 ಗ್ರಾಂ ಕ್ಯಾಲ್ಸಿಯಂ ಹೇಂಟೆಯ ಮೈಯಿಂದಲೇ ಬರಬೇಕು. ಮೊಟ್ಟೆಗೆ ಚಿಪ್ಪು ಕಟ್ಟುವುದಕ್ಕೆ ಸುಮಾರು 20 ಗಂಟೆ ಹಿಡಿಯುತ್ತದೆ, ಅದರಲ್ಲಿ ಹೆಚ್ಚಿನ ಭಾಗ ಕೋಳಿ ಒಡ್ಡಿಯಲ್ಲಿ ಮಲಗಿರುವ ರಾತ್ರಿಯ ಹೊತ್ತಿನಲ್ಲೇ ನಡೆಯುತ್ತದೆ. ತಿಂದ ಆಹಾರದ ಕ್ಯಾಲ್ಸಿಯಂ ಎಲ್ಲವೂ ಮೈಗೆ ಹತ್ತುವುದಿಲ್ಲ, ಸುಮಾರು ಅರ್ಧ ಮಾತ್ರ ಹತ್ತುತ್ತದೆ. ಆದ್ದರಿಂದ ದಿನವೂ ಮೊಟ್ಟೆ ಇಡುವ ಹೇಂಟೆಗೆ ದಿನಕ್ಕೆ ಸುಮಾರು 4 ಗ್ರಾಂ ಕ್ಯಾಲ್ಸಿಯಂ ಬೇಕು. ಪೇಟೆಯಲ್ಲಿ ಸಿಗುವ ಲೇಯರ್ ಮ್ಯಾಶ್‌ನಲ್ಲಿ ನೂರಕ್ಕೆ 3.5ರಿಂದ 4 ಪಾಲು ಕ್ಯಾಲ್ಸಿಯಂ ಸೇರಿಸಿರುವುದು ಇದೇ ಕಾರಣಕ್ಕೆ.

ನಾವು ಮನೆಯಲ್ಲಿ ಹಾಕುವ ಭತ್ತ, ನುಚ್ಚು, ತೌಡು, ಮೆಕ್ಕೆಜೋಳಗಳಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. ಧಾನ್ಯಗಳಲ್ಲೆಲ್ಲ ಹೆಚ್ಚು ಸುಣ್ಣದಂಶವಿರುವುದು ರಾಗಿಯಲ್ಲಿ. ಆ ರಾಗಿಯನ್ನೇ 100 ಗ್ರಾಂ ತಿಂದರೂ ಕೋಳಿಗೆ ಸಿಗುವುದು ಒಂದು ಗ್ರಾಮಿನ ಮೂರನೇ ಒಂದು ಪಾಲು. ಉಳಿದದ್ದನ್ನು ಅದು ಅಂಗಳ ಕೆದಕಿ, ಹುಳ, ಹಸಿರೆಲೆ, ಬಸವನ ಹುಳುವಿನ ಚಿಪ್ಪು ಹುಡುಕಿ ತಿಂದು ತುಂಬಿಕೊಳ್ಳಬೇಕು. ಅದೂ ಸಾಲದಾದರೆ ತನ್ನ ಮೂಳೆಯನ್ನೇ ಕರಗಿಸಿ ಚಿಪ್ಪು ಕಟ್ಟುತ್ತದೆ.

ವರ್ಷಕ್ಕೆ ಸುಮಾರು 60ರಿಂದ 80 ಮೊಟ್ಟೆ ಇಟ್ಟು, ನಡುವೆ ಕಾವಿಗೆ ಕೂತು ವಿಶ್ರಾಂತಿ ಪಡೆಯುವ ನಾಟಿ ಕೋಳಿಗೆ ಇದು ಹೇಗೋ ನಡೆದುಹೋಗುತ್ತದೆ. ಆದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ, 2005ರಲ್ಲಿ ಬಂದ ಸ್ವರ್ಣಧಾರ ತಳಿಗಳು ಈಗ ಮಲೆನಾಡಿನ ಅನೇಕ ಮನೆಗಳಲ್ಲಿವೆ. ಇವು ನಾಟಿ ಕೋಳಿಗಿಂತ ಎರಡು ಪಟ್ಟು, ಅದಕ್ಕೂ ಹೆಚ್ಚು ಮೊಟ್ಟೆ ಇಡುವಂಥವು. ಇಳುವರಿ ಹೆಚ್ಚಿಸಿ ಗೊಬ್ಬರ ಹಾಕದೆ ಹೋದರೆ ತೋಟ ಏನಾಗುವುದೋ, ಇವುಗಳಿಗೆ ನುಚ್ಚು ಮಾತ್ರ ಹಾಕಿದರೆ ಆಗುವುದೂ ಅದೇ. ಸಂತೆಗೆ ಹೋದ ಪ್ರತಿ ಮೊಟ್ಟೆಯ ಜೊತೆಗೆ ಮನೆಯಿಂದ 2 ಗ್ರಾಂ ಕ್ಯಾಲ್ಸಿಯಂ ಹೊರಗೆ ಹೋಗುತ್ತದೆ. ತೆಳು ಚಿಪ್ಪು, ಚಿಪ್ಪೇ ಇಲ್ಲದ ಮೆತ್ತನೆಯ ಮೊಟ್ಟೆ, ಕಾಲಿನಲ್ಲಿ ಬಲವಿಲ್ಲದೆ ಕುಸಿದು ಕೂರುವ ಹೇಂಟೆ, ಇವು ಕ್ಯಾಲ್ಸಿಯಂ ಕೊರತೆಯ ಗುರುತುಗಳು. ಅನೇಕ ಮನೆಗಳಲ್ಲಿ ಮೊಟ್ಟೆಯ ಹಣ ಹೆಂಗಸರ ಕೈಖರ್ಚಿನ ಹಣ. ಒಡೆದ ಮೊಟ್ಟೆಯ ನಷ್ಟ ಮೊದಲು ತಟ್ಟುವುದು ಅವರಿಗೇ.

ಕಾಡಿನ ಹಕ್ಕಿಗಳಿಗೂ ಇದೇ ಕಷ್ಟವಿದೆ ಎಂಬುದಕ್ಕೆ ನೆದರ್ಲೆಂಡ್ಸ್ ದೇಶದಲ್ಲಿ ನಡೆದ ಒಂದು ಅಧ್ಯಯನ ಸಾಕ್ಷಿ. ಅಲ್ಲಿನ ಕೆಲವು ಕಾಡುಗಳಲ್ಲಿ ಮಣ್ಣು ಹುಳಿಯಾಗಿ, ಸುಣ್ಣದಂಶವಿಲ್ಲದೆ ಬಸವನ ಹುಳುಗಳು ಕಡಿಮೆಯಾದವು. ಆ ಚಿಪ್ಪುಗಳನ್ನೇ ನಂಬಿದ್ದ ಸಣ್ಣ ಹಕ್ಕಿಗಳ ಮೊಟ್ಟೆಗಳು ತೆಳುವಾಗಿ ಒಡೆಯತೊಡಗಿದವು. 1994ರಲ್ಲಿ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಹೊರಗಿನಿಂದ ಸುಣ್ಣದಂಶದ ಚೂರುಗಳನ್ನು ತಂದಿಟ್ಟಾಗ ಆ ಹಕ್ಕಿಗಳ ಮೊಟ್ಟೆ ಸುಧಾರಿಸಿತು. ಮಣ್ಣಿನ ಹುಳಿಗೂ ಮೊಟ್ಟೆಯ ಚಿಪ್ಪಿಗೂ ಇರುವ ಈ ನಂಟು ಹುಳಿಮಣ್ಣಿನಲ್ಲೇ ಬಾಳುವ ನಾವು ನೆನಪಿನಲ್ಲಿಡಬೇಕಾದದ್ದು.

ಹಸಿ ಚಿಪ್ಪು ಏಕೆ ಕೂಡದು?

ಮೊಟ್ಟೆ ಹೊರಬರುವುದು ಹಿಕ್ಕೆ ಬರುವ ದಾರಿಯಲ್ಲೇ. ಆದ್ದರಿಂದ ಕಣ್ಣಿಗೆ ಸ್ವಚ್ಛವಾಗಿ ಕಂಡರೂ ಚಿಪ್ಪಿನ ಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮನುಷ್ಯರಲ್ಲಿ ವಾಂತಿ, ಭೇದಿ, ಜ್ವರ ತರುವ ರೋಗಾಣು ಇದು. ಮಕ್ಕಳಿಗೆ ಮತ್ತು ವಯಸ್ಸಾದವರಿಗೆ ಇದರ ಬಾಧೆ ಹೆಚ್ಚು. ಒಳಗೆ ಅಂಟಿಕೊಂಡ ಲೋಳೆ ಒಂದೇ ದಿನದಲ್ಲಿ ಕೊಳೆತು ರೋಗಾಣುಗಳು ಬೆಳೆಯಲು ಅನುಕೂಲ ಮಾಡಿಕೊಡುತ್ತದೆ.

ಅಂಗಡಿಯಿಂದ ತಂದ ಮೊಟ್ಟೆಯಾದರೆ ಇನ್ನೊಂದು ಮಾತಿದೆ. ಅದು ಯಾವ ಊರಿನ, ಯಾವ ಹಿಂಡಿನ ಕೋಳಿಯದೋ ನಮಗೆ ಗೊತ್ತಿರುವುದಿಲ್ಲ. ಅಲ್ಲಿನ ರೋಗ ಹಿಕ್ಕೆ ಮೆತ್ತಿದ ಚಿಪ್ಪಿನ ಮೂಲಕ ನಮ್ಮ ಅಂಗಳಕ್ಕೆ ಬರಬಹುದು. 2012ರಲ್ಲಿ ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಸಂಸ್ಥೆಯಲ್ಲೇ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಅಷ್ಟು ಎಚ್ಚರದ ಜಾಗಕ್ಕೂ ರೋಗ ಬರುವುದಾದರೆ ನಮ್ಮ ಬಿದಿರ ಒಡ್ಡಿಗೆ ಬರುವುದೇನು ಕಷ್ಟ? ಚೆನ್ನಾಗಿ ಕುದಿಸಿದರೆ ಈ ರೋಗಾಣುಗಳು ಸಾಯುತ್ತವೆ. ಬಿಸಿಲಿಗೆ ಒಣಗಿಸಿದ ಮಾತ್ರಕ್ಕೆ ಎಲ್ಲವೂ ಸತ್ತವೆಂದು ನಂಬುವಂತಿಲ್ಲ.

ಮೂರನೆಯ ಕಾರಣ ಎಲ್ಲರಿಗೂ ತಿಳಿದದ್ದೇ. ಅರ್ಧ ಒಡೆದ ಚಿಪ್ಪನ್ನು ಹಾಗೆಯೇ ಎಸೆದರೆ ಕೋಳಿ ಅದರ ಆಕಾರವನ್ನೂ ರುಚಿಯನ್ನೂ ಗುರುತು ಹಿಡಿಯುತ್ತದೆ. ಆಮೇಲೆ ತಾನಿಟ್ಟ ಮೊಟ್ಟೆಯನ್ನೇ ಕುಕ್ಕಿ ತಿನ್ನುವ ಚಟ ಅಂಟಬಹುದು. ಈ ಚಟ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ, ಒಂದನ್ನು ನೋಡಿ ಇನ್ನೊಂದು ಕಲಿಯುತ್ತದೆ.

ಹದ ಮಾಡುವ ಕ್ರಮ

1. ಮೊಟ್ಟೆ ಒಡೆದ ಕೂಡಲೇ ಚಿಪ್ಪನ್ನು ನೀರಿನಲ್ಲಿ ಅಲುಗಿಸಿ ಲೋಳೆ ತೆಗೆಯಬೇಕು. ಒಳಗಿನ ತೆಳು ಪೊರೆ ಸುಲಭವಾಗಿ ಬಂದರೆ ತೆಗೆಯಬಹುದು, ಬಾರದಿದ್ದರೆ ಬಿಟ್ಟರೂ ಚಿಂತೆಯಿಲ್ಲ. ಹಿಕ್ಕೆ ದಪ್ಪವಾಗಿ ಮೆತ್ತಿದ್ದು, ಕೊಳೆತು ನಾರುವುದು, ಬಣ್ಣ ಬಳಿದದ್ದು ಬೇಡವೇ ಬೇಡ.

2. ಇದಕ್ಕೆಂದೇ ಒಂದು ಹಳೆಯ ಪಾತ್ರೆ ಇಟ್ಟುಕೊಳ್ಳುವುದು ಒಳಿತು. ಚಿಪ್ಪು ಮುಳುಗುವಷ್ಟು ನೀರು ಹಾಕಿ, ನೀರು ಕೊತಕೊತ ಕುದಿಯತೊಡಗಿದ ಮೇಲೆ 10 ನಿಮಿಷ ಬಿಡಬೇಕು. ಬೆಳಗ್ಗೆ ಹಂಡೆಗೆ ಬೆಂಕಿ ಹಾಕಿದಾಗ ಬಚ್ಚಲೊಲೆಯ ಮೇಲೆಯೇ ಈ ಕೆಲಸ ಮುಗಿಸಬಹುದು, ಬೇರೆ ಸೌದೆ ಬೇಡ. ಬೇಯಿಸಿದ ಮೊಟ್ಟೆಯ ಚಿಪ್ಪಾದರೂ ಸುಲಿದ ಮೇಲೆ ಅಲ್ಲಿ ಇಲ್ಲಿ ಬಿದ್ದಿದ್ದರೆ ಮತ್ತೆ ಕುದಿಸಲೇಬೇಕು.

3. ನೀರು ಬಸಿದು ಒಣಗಿಸಬೇಕು. ಕಾಫಿ ಕಣ ಹರಡುವ ದಿನಗಳಲ್ಲಿ ಎರಡು ದಿನದ ಬಿಸಿಲು ಸಾಕು. ಆದರೆ ಕಣದ ನೆಲದ ಮೇಲಲ್ಲ, ಕೋಳಿ ಕಾಗೆ ಹತ್ತದ ಎತ್ತರದಲ್ಲಿ ಮೊರದ ಮೇಲೆ. ಮಳೆಗಾಲದಲ್ಲಿ ಕಬ್ಬಿಣದ ಕಾವಲಿಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸುತ್ತಾ ಹುರಿಯಬೇಕು. ಬೆರಳಲ್ಲಿ ಮುರಿದರೆ ಚಟ್ ಎಂದು ಮುರಿಯುವುದೇ ಹದ. ಕೂದಲು ಸುಟ್ಟ ವಾಸನೆ ಬಂದರೆ ಒಳಪೊರೆ ಕರಿಯುತ್ತಿದೆಯೆಂದು ತಿಳಿದು ಇಳಿಸಬೇಕು.

4. ಒಣಗಿದ ಮೇಲೆಯೇ ಕುಟ್ಟಬೇಕು. ಹಸಿ ಚಿಪ್ಪನ್ನು ಕುಟ್ಟಿದರೆ ರೋಗಾಣು ಒರಳಿಗೂ ಕೈಗೂ ಹರಡುತ್ತದೆ. ಎಲೆಯಡಿಕೆ ಕುಟ್ಟುವ ಕುಟ್ಟಾಣಿಯನ್ನು ಇದಕ್ಕೆ ತರಬಾರದು, ಅದರಲ್ಲಿರುವ ತಂಬಾಕಿನ ಚೂರು ಹಕ್ಕಿಗೆ ವಿಷ. ಕುಟ್ಟುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು.

5. ಜರಡಿ ಹಿಡಿದು ಎರಡು ಭಾಗ ಮಾಡಬೇಕು. ಅಕ್ಕಿ ನುಚ್ಚಿನಷ್ಟು ದಪ್ಪದ ಚೂರು ಕೋಳಿಗೆ, ಸಣ್ಣ ರವೆಯಂಥ ಪುಡಿ ಗೂಡಿನ ಹಕ್ಕಿಗೆ. ಚೂಪಾದ ದೊಡ್ಡ ಚೂರು ಉಳಿದಿದ್ದರೆ ಮತ್ತೆ ಕುಟ್ಟಬೇಕು.

6. ಮುಚ್ಚಳವಿರುವ ಒಣ ಡಬ್ಬಿಯಲ್ಲಿ ತುಂಬಿ, ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಕು. ಒಂದು ತಿಂಗಳಿಗೆ ಬೇಕಾಗುವಷ್ಟೇ ಮಾಡಿಕೊಳ್ಳುವುದು ಕ್ಷೇಮ. ಬೂಷ್ಟು ಹಿಡಿದದ್ದನ್ನು ಕೋಳಿಗೆ ಹಾಕದೆ ತೋಟಕ್ಕೆ ಹಾಕಬೇಕು. ಕೆಲಸ ಮುಗಿದ ಮೇಲೆ ಕೈಗೆ ಸೋಪು ಹಾಕಿ ತೊಳೆಯುವುದನ್ನು ಮರೆಯಬಾರದು.

ಒಂದು ಟ್ರೇ, ಅಂದರೆ 30 ಮೊಟ್ಟೆಯ ಚಿಪ್ಪಿನಿಂದ ಸುಮಾರು 150ರಿಂದ 180 ಗ್ರಾಂ ಪುಡಿ ಸಿಗುತ್ತದೆ.

ಯಾವ ಕೋಳಿಗೆ, ಹೇಗೆ?

ಚಿಪ್ಪಿನ ಚೂರನ್ನು ಆಹಾರದಲ್ಲಿ ಕಲಸಬಾರದು. ತೆಂಗಿನ ಕರಟದಲ್ಲೋ ಮಣ್ಣಿನ ಬಟ್ಟಲಲ್ಲೋ ಬೇರೆಯಾಗಿ ಇಡಬೇಕು. ಮೊಟ್ಟೆ ಇಡುವ ಹೇಂಟೆ ತನಗೆ ಬೇಕಾದಷ್ಟನ್ನು ತಾನೇ ಆರಿಸಿ ತಿನ್ನುತ್ತದೆ, ಬೇಡದ ದಿನ ಮುಟ್ಟುವುದಿಲ್ಲ. ಮಧ್ಯಾಹ್ನದ ಮೇಲೆ, ಒಡ್ಡಿಗೆ ಸೇರುವ ಮೊದಲು ಅದಕ್ಕೆ ಸುಣ್ಣದ ಬಯಕೆ ಹೆಚ್ಚು. ದಪ್ಪ ಚೂರು ಕಾಳು ಅರೆಯುವ ಹೊಟ್ಟೆಯಲ್ಲಿ ಉಳಿದು ರಾತ್ರಿಯೆಲ್ಲ ನಿಧಾನವಾಗಿ ಕರಗುತ್ತದೆ. ಚಿಪ್ಪು ಕಟ್ಟುವ ಹೊತ್ತಿಗೆ ಸರಿಯಾಗಿ ಒದಗುತ್ತದೆ. ನುಣ್ಣನೆಯ ಪುಡಿ ಬೇಗ ಹಾದುಹೋಗುವುದರಿಂದ ಕೋಳಿಗೆ ಚೂರೇ ಮೇಲು.

ಇಲ್ಲಿ ಒಂದು ಮುಖ್ಯ ಎಚ್ಚರಿಕೆಯಿದೆ. ಮರಿಗಳಿಗೆ, ಇನ್ನೂ ಮೊಟ್ಟೆಗೆ ಬಾರದ ಎಳೆ ಹೇಂಟೆಗಳಿಗೆ ಇದನ್ನು ತಿನ್ನಿಸಬಾರದು. ಮರಿಯ ಆಹಾರದಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಕ್ಯಾಲ್ಸಿಯಂ ಸಾಕು. ಮೊಟ್ಟೆ ಕೋಳಿಯ ಪ್ರಮಾಣವನ್ನು ಮರಿಗೆ ಕೊಟ್ಟರೆ ಮೂತ್ರಪಿಂಡ ಕೆಡುತ್ತದೆ, ಮರಿಗಳು ಸೊರಗಿ ಸಾಯುತ್ತವೆ. ತಾಯಿಗೆ ಒಳ್ಳೆಯದಾದದ್ದು ಮರಿಗೂ ಒಳ್ಳೆಯದೆಂದು ಕಲಸಿ ಹಾಕುವವರು ಇದನ್ನು ಗಮನಿಸಬೇಕು. ಮರಿಗಳಿರುವ ಅಂಗಳದಲ್ಲಿ ಕರಟವನ್ನು ಅವುಗಳಿಗೆ ಎಟುಕದ ಎತ್ತರದಲ್ಲಿ ಕಟ್ಟಬೇಕು. ಹುಂಜಕ್ಕೂ ಇದರ ಅಗತ್ಯವಿಲ್ಲ. ಪೂರ್ತಿ ಲೇಯರ್ ಮ್ಯಾಶ್ ತಿನ್ನುವ ಹೇಂಟೆಗೆ ಬೇಕಾದದ್ದು ಅದರಲ್ಲೇ ಇರುತ್ತದೆ.

ಚಿಪ್ಪು ಸಾಲುವುದೇ ಎಂದು ಕೇಳಬಹುದು. ಮೇಲಿನ ಲೆಕ್ಕವನ್ನೇ ನೋಡಿ. ಒಂದು ಚಿಪ್ಪಿನ 2 ಗ್ರಾಮಿನಲ್ಲಿ ಮೈಗೆ ಹತ್ತುವುದು ಒಂದೇ ಗ್ರಾಂ. ಹಾಗಾಗಿ ಒಂದು ಚಿಪ್ಪು ಇನ್ನೊಂದು ಚಿಪ್ಪನ್ನು ಪೂರ್ತಿ ಕಟ್ಟಲಾರದು. ಮನೆಯಲ್ಲಿ ತಿಂದ ಮೊಟ್ಟೆಗಿಂತ ಮಾರಿದ ಮೊಟ್ಟೆಯೇ ಹೆಚ್ಚಾಗಿದ್ದರೆ ಕೊರತೆ ಉಳಿದೇ ಉಳಿಯುತ್ತದೆ. ನಾಲ್ಕಾರು ಕೋಳಿಯ ಮನೆಗೆ ಚಿಪ್ಪು ದೊಡ್ಡ ಆಸರೆ. ಹತ್ತಾರು ಹೇಂಟೆ ಸಾಕುವವರು ಕೋಳಿ ಆಹಾರದ ಅಂಗಡಿಯಲ್ಲಿ ಸಿಗುವ ಕಪ್ಪೆಚಿಪ್ಪಿನ ಚೂರನ್ನೂ ತಂದಿಟ್ಟುಕೊಳ್ಳಬೇಕು. ಮಳೆ ಹಿಡಿಯುವ ಮೊದಲು ಒಂದು ಚೀಲ ತಂದರೆ ಘಟ್ಟದ ದಾರಿ ಕಟ್ಟಿದರೂ ಚಿಂತೆಯಿಲ್ಲ.

ಗೂಡಿನ ಹಕ್ಕಿಗಳಿಗೆ

ಜಗಲಿಯ ಗೂಡಿನಲ್ಲಿ ಸಾಮಾನ್ಯವಾಗಿ ಕಾಣುವುದು ನಮ್ಮವರು ಲವ್ ಬರ್ಡ್ಸ್ ಎನ್ನುವ ಬಜರಿಗರ್ ಹಕ್ಕಿಗಳು. ಇವುಗಳ ಮೂಲ ಆಸ್ಟ್ರೇಲಿಯಾ. ನಮ್ಮ ಕಾಡಿನ ಗಿಳಿ, ಮೈನಾ, ರಾಟವಾಳಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಆದ್ದರಿಂದ ಇಲ್ಲಿ ಹೇಳುವುದು ಬಜರಿಗರ್, ಪಾರಿವಾಳ ಮೊದಲಾದ ಸಾಕುಹಕ್ಕಿಗಳ ಮಾತು.

ಬಜರಿಗರ್ ಹಕ್ಕಿಯ ತೂಕ ಸುಮಾರು 30ರಿಂದ 40 ಗ್ರಾಂ ಮಾತ್ರ. ನವಣೆಯಂಥ ಕಾಳನ್ನೇ ತಿಂದು ಬದುಕುವ ಇದಕ್ಕೆ ಸುಣ್ಣದ ಕೊರತೆ ಬೇಗ ಬರುತ್ತದೆ. ಕೊರತೆಯಿರುವ ಹೆಣ್ಣು ಹಕ್ಕಿಗೆ ಮೊಟ್ಟೆ ಹೊರಬಾರದೆ ಒಳಗೇ ಸಿಕ್ಕಿಕೊಳ್ಳುವುದುಂಟು. ಗೂಡಿನ ತಳದಲ್ಲಿ ಗರಿ ಉಬ್ಬಿಸಿ ಕೂತು, ಬಾಲ ಅಲ್ಲಾಡಿಸುತ್ತಾ ಮುಕ್ಕುವುದು ಇದರ ಗುರುತು. ಆಗ ಚಿಪ್ಪಿನ ಪುಡಿ ತಿನ್ನಿಸುತ್ತಾ ಕಾಲ ಕಳೆಯಬಾರದು, ಹೊಟ್ಟೆ ಒತ್ತಿ ಮೊಟ್ಟೆ ತೆಗೆಯಲೂ ಹೋಗಬಾರದು. ಹಕ್ಕಿಯನ್ನು ಬೆಚ್ಚಗಿಟ್ಟು ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಅಂಥ ಗತಿ ಬಾರದಂತೆ ಮೊದಲೇ ನೋಡಿಕೊಳ್ಳುವುದು ಲೇಸು. ರವೆಯಂಥ ಪುಡಿಯನ್ನು ಚಿಟಿಕೆಯಷ್ಟು ಪುಟ್ಟ ಬಟ್ಟಲಲ್ಲಿ ಗೂಡಿನೊಳಗೆ ಬೇರೆಯಾಗಿ ಇಟ್ಟು, ಎರಡು ದಿನಕ್ಕೊಮ್ಮೆ ಬದಲಿಸಬೇಕು. ಕಾಳಿನ ಜೊತೆ ಬೆರೆಸಬಾರದು. ಹಕ್ಕಿ ಅಂಗಡಿಗಳಲ್ಲಿ ಸಿಗುವ, ಆಯುರ್ವೇದದವರು ಸಮುದ್ರಫೇನ ಎನ್ನುವ ಕಡಲ ಮೃದ್ವಂಗಿಯ ಬಿಳಿ ಮೂಳೆಯೂ ಇದೇ ಕೆಲಸ ಮಾಡುತ್ತದೆ. ಅದನ್ನು ಗೂಡಿಗೆ ಸಿಕ್ಕಿಸಿದರೆ ಹಕ್ಕಿ ಬೇಕಾದಾಗ ಕೆರೆದು ತಿನ್ನುತ್ತದೆ.

ಈ ಸುಣ್ಣಗಳು ಬೇಡ

ತೋಟದ ಮನೆಯಲ್ಲಿ ಸುಣ್ಣಕ್ಕೆ ಬರವಿಲ್ಲ. ಹಾಗೆಂದು ಸಿಕ್ಕ ಸುಣ್ಣವನ್ನೆಲ್ಲ ಹಕ್ಕಿಗೆ ಇಡುವಂತಿಲ್ಲ. ಎಲೆಗೆ ಹಚ್ಚುವ ಸುಣ್ಣ, ಬೋರ್ಡೋ ದ್ರಾವಣಕ್ಕೆ ತಂದ ಸುಣ್ಣ ಇವೆಲ್ಲ ಸುಟ್ಟ ಸುಣ್ಣದಿಂದ ಆದವು. ಬಾಯಿ, ಗಂಟಲು ಸುಡುವಷ್ಟು ಖಾರ. ಮೊಟ್ಟೆಯ ಚಿಪ್ಪನ್ನೇ ಕೆಂಡದಲ್ಲಿ ಬೆಳ್ಳಗೆ ಸುಟ್ಟರೆ ಅದೂ ಸುಟ್ಟ ಸುಣ್ಣವಾಗುತ್ತದೆ. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದುದು ಇದೇ ರೀತಿಯಲ್ಲಿ. ಆದ್ದರಿಂದ ಚಿಪ್ಪನ್ನು ಹುರಿಯಬಹುದು, ಸುಡಬಾರದು.

ಮಣ್ಣಿಗೆ ಹಾಕುವ ಡಾಲೊಮೈಟ್‌ನಲ್ಲಿ ಮೆಗ್ನೀಷಿಯಂ ಹೆಚ್ಚಿರುವುದರಿಂದ ಅದು ಮೊಟ್ಟೆ ಕೋಳಿಗೆ ಒಗ್ಗದು. ಹಳೆಯ ಗೋಡೆಯ ಗಾರೆ ಚೂರಿನಲ್ಲಿ ಸೀಸವಿರುವ ಬಣ್ಣ ಬೆರೆತಿರಬಹುದು. ಬಸವನ ಹುಳುವಿಗೆ ವಿಷ ಇಟ್ಟ ತೋಟದಿಂದ ಅದರ ಚಿಪ್ಪು ಆರಿಸಿ ತರಬಾರದು. ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಮೈಲುತುತ್ತ ಕಲಸಿದ ಬಕೆಟ್ಟು, ತುಂಬಿ ತಂದ ಚೀಲಗಳನ್ನು ಚಿಪ್ಪಿನ ಕೆಲಸಕ್ಕೆ ಮುಟ್ಟಿಸಲೇಬಾರದು. ಮೈಲುತುತ್ತ ಕೋಳಿಗೂ ವಿಷವೇ.

ಬಿಸಿಲಿಲ್ಲದೆ ಸುಣ್ಣ ಹತ್ತದು

ಎಷ್ಟೇ ಚಿಪ್ಪು ತಿಂದರೂ ಡಿ ಜೀವಸತ್ವವಿಲ್ಲದೆ ಅದು ಮೈಗೆ ಹತ್ತುವುದಿಲ್ಲ. ಬಿಸಿಲು ಮೈಮೇಲೆ ಬಿದ್ದರೆ ಹಕ್ಕಿಯ ಮೈಯಲ್ಲೇ ಈ ಜೀವಸತ್ವ ಉಂಟಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಸೂರ್ಯನ ಮುಖ ಕಾಣುವುದೇ ಅಪರೂಪ. ಮೋಡ ತೆರೆದ ಹೊತ್ತಿನಲ್ಲಿ ಕೋಳಿಗಳನ್ನು ಹೊರಗೆ ಬಿಡಬೇಕು, ಗೂಡನ್ನು ಜಗಲಿಯ ಅಂಚಿಗೆ ತರಬೇಕು. ಪೂರ್ತಿ ಬಿಸಿಲಿಗಿಡದೆ ಒಂದು ಕಡೆ ನೆರಳಿರಲಿ. ಕಿಟಕಿಯ ಗಾಜಿನ ಹಿಂದಿನಿಂದ ಬೀಳುವ ಬಿಸಿಲು ಈ ಕೆಲಸಕ್ಕೆ ಬಾರದು, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಮಳೆ ಬಿಡದ ತಿಂಗಳುಗಳಲ್ಲಿ ನುಚ್ಚಿನ ಜೊತೆಗೆ ಡಿ3 ಸೇರಿಸಿದ ಲೇಯರ್ ಮ್ಯಾಶ್ ಒಂದು ಪಾಲಾದರೂ ಕೊಟ್ಟರೆ ಹೇಂಟೆಗೆ ಅನುಕೂಲ.

ತೆಳು ಮೊಟ್ಟೆ ಕಂಡ ಮಾತ್ರಕ್ಕೆ ಸುಣ್ಣದ ಕೊರತೆಯೇ ಎಂದು ತೀರ್ಮಾನಿಸಬಾರದು. ಮುದಿ ಕೋಳಿ ಇಟ್ಟ ಮೊಟ್ಟೆಯ ಚಿಪ್ಪು ಸಹಜವಾಗಿಯೇ ತೆಳು. ಬೇಸಗೆಯ ಸೆಕೆಯಲ್ಲೂ ಚಿಪ್ಪು ತೆಳುವಾಗುತ್ತದೆ. ರಾಣಿಖೇತ ಅಥವಾ ಕೊಕ್ಕರೆ ರೋಗದಂಥ ಕಾಯಿಲೆಗಳಲ್ಲೂ ಮೊಟ್ಟೆ ಕಡಿಮೆಯಾಗಿ ಚಿಪ್ಪು ಕೆಡುತ್ತದೆ. ಹಿಂಡಿನಲ್ಲಿ ಹಲವು ಕೋಳಿಗಳು ಒಮ್ಮೆಗೇ ಮೆತ್ತನೆಯ ಮೊಟ್ಟೆ ಇಟ್ಟು, ಜೊತೆಗೆ ತೂಕಡಿಕೆ, ಹಸಿರು ಭೇದಿ, ಉಸಿರಿನ ಗೊರಗೊರ ಕಂಡರೆ ಪಶುವೈದ್ಯಕೀಯ ಆಸ್ಪತ್ರೆಗೆ ತಿಳಿಸಬೇಕು. ರಾಣಿಖೇತಕ್ಕೆ ಲಸಿಕೆಯಿದೆ, ಚಿಪ್ಪಿನ ಪುಡಿ ಅದಕ್ಕೆ ಮದ್ದಲ್ಲ.

ಈ ಕೆಲಸಕ್ಕೆ ಖರ್ಚೆಂಬುದಿಲ್ಲ. ಬೇಕಾಗಿರುವುದು ಹಳೆಯ ಪಾತ್ರೆಯೊಂದು, ಡಬ್ಬಿಯೊಂದು, ವಾರಕ್ಕೆ ಅರ್ಧ ಗಂಟೆಯ ಬಿಡುವು. ಕಾಫಿ ಕಣದ ದಿನಗಳಲ್ಲಿ ಒಣಗಿಸಿದ ಒಂದು ಡಬ್ಬಿ ಪುಡಿಯಿಂದಲೇ ಆರಂಭಿಸಿ, ಹೇಂಟೆಯ ಮುಂದೆ ಕರಟವಿಟ್ಟ ಹತ್ತು ಹದಿನೈದು ದಿನಗಳಲ್ಲಿ ಚಿಪ್ಪು ಗಟ್ಟಿಯಾಗುತ್ತಿದೆಯೇ ಎಂದು ಸದಸ್ಯರು ತಾವೇ ಒಡೆದು ನೋಡಲಿ. ಗಟ್ಟಿಯಾಗದಿದ್ದರೆ ಬಿಸಿಲು, ವಯಸ್ಸು, ರೋಗ ಈ ಮೂರನ್ನೂ ಒಂದೊಂದಾಗಿ ಪರಿಶೀಲಿಸಲಿ.